‘ಮೈ’ ಎಲ್ಲಿ, ‘ಮೈನ್’ ಎಲ್ಲಿ? ಕನ್ನಡದ ‘ದು’ ಹೇಳುತ್ತೆ

ಕನ್ನಡ ಸಂಘದ ಪತ್ರಿಕೆಯಲ್ಲಿ ಇಂಗ್ಲಿಷ್ ಗ್ರಾಮರ್ ಬಗ್ಗೆ ಲೇಖನ ಯಾಕಪ್ಪಾ ಅಂತ ನಿಮಗೆ ಅನ್ನಿಸಬಹುದು. ನಮ್ಮ ಸಂಪಾದಕರೂ ಇದನ್ನೇ ಕೇಳಿದರು. ಪೂರ್ತಿ ಓದಿ. ಇದು ಇಂಗ್ಲಿಷ್ ಲೇಖನವೋ ಕನ್ನಡ ಲೇಖನವೋ ಆಮೇಲೆ ನೀವೇ ಹೇಳಿ.

ನಾನು ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ. ಕನ್ನಡ ಅಂದ್ರೆ ಮನೆಯಲ್ಲಿ ಮಾತಾಡೋ ಭಾಷೆ, ಸ್ಕೂಲಲ್ಲಿ ಸೆಕೆಂಡ್ ಲ್ಯಾಂಗ್ವೇಜ್, ಅಷ್ಟೇ. ನನ್ನ ರೂಮ್‌ಮೇಟ್ ಅರಸೀಕೆರೆ ಕಡೆಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಡಿಪ್ಲೊಮಾ, ಅಲ್ಲಿಂದ ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಎರಡನೇ ವರ್ಷಕ್ಕೆ ಬಂದ. ಸರ್ಕ್ಯೂಟ್ ವಿಷಯದಲ್ಲಿ ನನಗಿಂತ ಎಷ್ಟೋ ಮುಂದೆ ಇದ್ದಾನೆ. ನನ್ನ ಲ್ಯಾಬ್ ಎಕ್ಸ್‌ಪೆರಿಮೆಂಟುಗಳಲ್ಲಿ ಅರ್ಧ ಅವನ ದಯೆಯಿಂದಲೇ ಮುಗಿದಿರೋದು. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದಿದ್ದಾನೆ.

ಹೋದ ಸೆಮಿಸ್ಟರಿನಲ್ಲಿ ಒಂದು ಮಾಕ್ ಇಂಟರ್ವ್ಯೂ ಇತ್ತು. ‘ನಿಮ್ಮ ಬಗ್ಗೆ ಹೇಳಿ’ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಇವನು ಎದ್ದು ನಿಂತು, ‘ಔರ್ ಫಾದರ್ ಈಸ್ ಅ ಫಾರ್ಮರ್. ದೇರ್ ಲ್ಯಾಂಡ್ ಈಸ್ ಟೂ ಏಕರ್ಸ್’ ಅಂದ. ಕೇಳ್ತಿದ್ದವರು ನಗುತ್ತಾ, ‘ಹೌ ಮೆನಿ ಫಾದರ್ಸ್ ಡು ಯು ಹ್ಯಾವ್?’ ಅಂದುಬಿಟ್ಟರು. ಇಡೀ ಕ್ಲಾಸ್ ನಕ್ಕಿತು. ನಿಜ ಹೇಳ್ಬೇಕಂದ್ರೆ, ನಾನೂ ನಕ್ಕೆ.

ರಾತ್ರಿ ರೂಮಲ್ಲಿ ಅವನು ಮಾತೇ ಆಡಲಿಲ್ಲ. ನಾನೇ ಹೋಗಿ, ‘ಮೈ ಫಾದರ್, ಹಿಸ್ ಲ್ಯಾಂಡ್ ಅನ್ಬೇಕಿತ್ತು ಮಗಾ’ ಅಂದೆ. ಅವನು ಕೇಳಿದ: ‘ಯಾಕೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಹಂಗೇ ಹೇಳೋದು’ ಅಂದೆ. ಹದಿನೈದು ವರ್ಷ ಇಂಗ್ಲಿಷ್ ಮೀಡಿಯಂ ಓದಿ ನಾನು ಕೊಟ್ಟ ಉತ್ತರ ಅಷ್ಟೇ. ಅವನು ಇನ್ನೂ ಒಂದು ಮಾತು ಸೇರಿಸಿದ: ‘ಹಿಸ್ ಅಂದ್ರೆ ಅವನ ಅಂತ ತಾನೇ? ಅಪ್ಪಂಗೆ ಅವನು ಅಂದಂಗೆ ಆಗಲ್ವೇನೋ?’

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾವಿಬ್ಬರೂ ಕೂತು ಮಾಡಿಕೊಂಡ ನೋಟ್ಸ್ ಇದು. ಅವನ ಪ್ರಶ್ನೆಗೆ ಕೊನೆಯಲ್ಲಿ ಬರ್ತೀನಿ. ಮೊದಲು ಬುಡದಿಂದ ಶುರು ಮಾಡೋಣ.

ಎರಡು ಗುಂಪು

‘ಇದು ಯಾರದು’ ಅಂತ ಹೇಳೋಕೆ ಇಂಗ್ಲಿಷಿನಲ್ಲಿ ಎರಡು ಗುಂಪಿನ ಪದಗಳಿವೆ. ಒಂದು ಗುಂಪು ಮೈ, ಯುವರ್, ಹರ್ ಇತ್ಯಾದಿ. ಇನ್ನೊಂದು ಮೈನ್, ಯುವರ್ಸ್, ಹರ್ಸ್ ಇತ್ಯಾದಿ. ಗ್ರಾಮರ್ ಪುಸ್ತಕಗಳು ಮೊದಲನೆಯದನ್ನು ಪೊಸೆಸಿವ್ ಅಡ್ಜೆಕ್ಟಿವ್, ಎರಡನೆಯದನ್ನು ಪೊಸೆಸಿವ್ ಪ್ರೊನೌನ್ ಅಂತ ಕರೆಯುತ್ತವೆ. ಈ ಹೆಸರುಗಳನ್ನು ಬಾಯಿಪಾಠ ಮಾಡಿದರೆ ಏನೂ ಉಪಯೋಗವಿಲ್ಲ. ನಾನು ಮಾಡಿದ್ದೆ, ಆದ್ರೂ ವಿವರಿಸೋಕೆ ಬರಲಿಲ್ಲ.

ನನ್ನ ರೂಮ್‌ಮೇಟ್‌ಗೆ ತಕ್ಷಣ ಹೊಳೆದದ್ದು ಇದು: ಕನ್ನಡದಲ್ಲೂ ಎರಡು ಗುಂಪು ಇದೆಯಲ್ಲ! ‘ಇದು ನನ್ನ ಪೆನ್ನು.’ ‘ಈ ಪೆನ್ನು ನನ್ನದು.’ ಯಾವ ಕನ್ನಡದ ಮಗುವೂ ‘ಈ ಪೆನ್ನು ನನ್ನ’ ಅನ್ನೋದಿಲ್ಲ, ‘ಇದು ನನ್ನದು ಪೆನ್ನು’ ಅಂತಲೂ ಹೇಳೋದಿಲ್ಲ. ಅಂದ್ರೆ ನಿಯಮ ನಮಗೆ ಮೂರು ವರ್ಷದ ವಯಸ್ಸಿನಿಂದಲೇ ಗೊತ್ತು. ‘ದು’ ಬರುವ ಕಡೆ ಮೈನ್, ಬರದ ಕಡೆ ಮೈ. ‘ದಿಸ್ ಈಸ್ ಮೈ ಪೆನ್.’ ‘ದಿಸ್ ಪೆನ್ ಈಸ್ ಮೈನ್.’ ಇದಕ್ಕೆ ನಾವು ಇಟ್ಟ ಹೆಸರು ‘ದು ಟೆಸ್ಟ್’.

ಪೂರ್ತಿ ಪಟ್ಟಿ ಹೀಗೆ:

ಮೈ, ಮೈನ್: ನನ್ನ, ನನ್ನದು
ಔರ್, ಔರ್ಸ್: ನಮ್ಮ, ನಮ್ಮದು
ಯುವರ್, ಯುವರ್ಸ್: ನಿನ್ನ ಅಥವಾ ನಿಮ್ಮ, ನಿನ್ನದು ಅಥವಾ ನಿಮ್ಮದು
ಹಿಸ್, ಹಿಸ್: ಅವನ, ಅವನದು
ಹರ್, ಹರ್ಸ್: ಅವಳ, ಅವಳದು
ದೇರ್, ದೇರ್ಸ್: ಅವರ, ಅವರದು
ಇಟ್ಸ್: ಅದರ

ಎರಡನೇ ಸಾಲಿನದನ್ನು ಕೆಲವರು ‘ಅವರ್’ ಅಂತ ಬರೀತಾರೆ. ಹಾಗೆ ಬರೆದ್ರೆ ‘ನಮ್ಮ’ ಅನ್ನೋ ಇಂಗ್ಲಿಷ್ ಪದ ಕನ್ನಡದ ‘ಅವರ’ ಥರ ಕಾಣುತ್ತೆ. ಅದಕ್ಕೇ ‘ಔರ್’ ಅಂತ ಬರೆದಿದ್ದೀನಿ. ಇನ್ನು ಹಿಸ್ ಎರಡು ಕಡೆಯೂ ಒಂದೇ. ‘ಹಿಸ್ ಬೈಕ್’, ‘ದಿ ಬೈಕ್ ಈಸ್ ಹಿಸ್.’ ಇಟ್ಸ್‌ಗೆ ‘ಅದರದು’ ಅನ್ನೋ ಜೋಡಿ ಬಳಕೆಯಲ್ಲಿ ಇಲ್ಲ ಅಂತಲೇ ಇಟ್ಟುಕೊಳ್ಳಿ.

ಆದರೆ ಒಂದು ಕಡೆ ಕನ್ನಡ ನಮ್ಮನ್ನ ದಾರಿ ತಪ್ಪಿಸುತ್ತೆ. ‘ನನ್ನದು’ ಅನ್ನೋದು ‘ನನ್ನ’ ಮತ್ತು ‘ಅದು’ ಸೇರಿ ಆದದ್ದು. ಆ ‘ಅದು’ ವಸ್ತುವಿನ ಜಾಗದಲ್ಲಿ ಕೂತಿರುತ್ತೆ. ಹಾಗಾಗಿ ವಸ್ತು ಬದಲಾದರೆ ಅದೂ ಬದಲಾಗುತ್ತೆ. ಒಂದು ಪುಸ್ತಕ ‘ನನ್ನದು’, ನಾಲ್ಕು ಪುಸ್ತಕ ‘ನನ್ನವು’, ಮನುಷ್ಯರಾದರೆ ‘ನನ್ನವನು’, ‘ನನ್ನವಳು’, ‘ನನ್ನವರು’. ಇಂಗ್ಲಿಷಿನಲ್ಲಿ ಈ ರಗಳೆ ಇಲ್ಲ. ಒಂದಾಗಲಿ ನೂರಾಗಲಿ ಮೈನ್ ಒಂದೇ. ‘ದೀಸ್ ಬುಕ್ಸ್ ಆರ್ ಮೈನ್.’ ಬಹುವಚನ ಬಂತು ಅಂತ ‘ಮೈನ್ಸ್’ ಅಂದ್ರೆ ಅದು ಸಂಡೂರಿನ ಗಣಿ ಆಗುತ್ತೆ.

ಇನ್ನೊಂದು ಮಾಮೂಲಿ ತಪ್ಪು ‘ಮೈ ವನ್ ಫ್ರೆಂಡ್’. ‘ನನ್ನ ಒಬ್ಬ ಫ್ರೆಂಡ್’ ಅನ್ನೋದನ್ನ ಹಾಗೇ ಇಳಿಸಿದ್ದು. ಇಂಗ್ಲಿಷಿನವರಿಗೆ ಇದು ‘ನನಗಿರೋನು ಒಬ್ಬನೇ ಫ್ರೆಂಡು’ ಅಂದಹಾಗೆ ಕೇಳಬಹುದು. ‘ಅ ಫ್ರೆಂಡ್ ಆಫ್ ಮೈನ್’ ಅಥವಾ ‘ವನ್ ಆಫ್ ಮೈ ಫ್ರೆಂಡ್ಸ್’ ಅನ್ನಬೇಕು. ಇಲ್ಲೂ ಗಮನಿಸಿ: ಪದದ ಮುಂದೆ ಏನೂ ಇಲ್ಲದಿದ್ದರೆ ಮೈನ್, ‘ಫ್ರೆಂಡ್ಸ್’ ಇದ್ದರೆ ಮೈ.

ತಲೆ ಮೇಲಿನ ಚುಕ್ಕೆ

ಲ್ಯಾಬ್ ರೆಕಾರ್ಡುಗಳಲ್ಲಿ ನಾನು ಅತಿ ಹೆಚ್ಚು ನೋಡಿದ ತಪ್ಪು ಇಟ್ಸ್. ಇದನ್ನ ಇಂಗ್ಲಿಷ್ ಮೀಡಿಯಂನವರೂ ಮಾಡ್ತೀವಿ. ‘ದಿ ಮೋಟರ್ ರೀಚಸ್ ಇಟ್ಸ್ ಫುಲ್ ಸ್ಪೀಡ್’ ಅಂತ ಬರೆಯುವಾಗ ಐ, ಟಿ ಆದಮೇಲೆ ಅಪಾಸ್ಟ್ರಫಿ ಹಾಕಿ ಎಸ್ ಬರೆಯೋದು. ಅಪಾಸ್ಟ್ರಫಿ ಅಂದ್ರೆ ಅಲ್ಪವಿರಾಮವನ್ನು ಎತ್ತಿ ಅಕ್ಷರದ ಪಕ್ಕ ಮೇಲೆ ಕೂರಿಸಿದಂಥ ಚಿಹ್ನೆ.

ತಪ್ಪು ಆಗೋದಕ್ಕೆ ಕಾರಣ ಇದೆ. ನಾಮಪದಗಳಿಗೆ ‘ಇವರದು’ ಅನ್ನೋ ಅರ್ಥ ಕೊಡೋಕೆ ಇಂಗ್ಲಿಷಿನವರು ಅಪಾಸ್ಟ್ರಫಿ ಎಸ್ ಹಾಕ್ತಾರೆ. ‘ತೇಜಸ್ವಿಯ ಕಾದಂಬರಿ’ ಅನ್ನೋಕೆ ತೇಜಸ್ವಿ ಹೆಸರಿನ ಮುಂದೆ ಆ ಚಿಹ್ನೆ, ಆಮೇಲೆ ಎಸ್. ನಾವು ಸ್ಕೂಲಲ್ಲಿ ಕಲಿತ ಷಷ್ಠೀ ವಿಭಕ್ತಿ ಮಾಡೋ ಕೆಲಸವೇ ಇದು. ಆದರೆ ಸರ್ವನಾಮಗಳಿಗೆ ಆ ಚಿಹ್ನೆ ಬೇಕಾಗಿಲ್ಲ. ಹಿಸ್, ಹರ್ಸ್, ಔರ್ಸ್, ಯುವರ್ಸ್, ದೇರ್ಸ್, ಇಟ್ಸ್, ಯಾವುದಕ್ಕೂ ಇಲ್ಲ. ಇಂಗ್ಲಿಷಿನಲ್ಲಿ ಅಪಾಸ್ಟ್ರಫಿಗೆ ಇನ್ನೊಂದು ಕೆಲಸವೂ ಇದೆ: ನುಂಗಿದ ಅಕ್ಷರದ ಜಾಗ ತೋರಿಸೋದು. ಅಪಾಸ್ಟ್ರಫಿ ಇರೋ ಇಟ್ಸ್ ಅಂದ್ರೆ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’, ಅಷ್ಟೇ.

ಇದಕ್ಕೂ ಕನ್ನಡದಲ್ಲೇ ಟೆಸ್ಟ್ ಇದೆ. ಮನಸ್ಸಲ್ಲಿ ವಾಕ್ಯವನ್ನ ಕನ್ನಡಕ್ಕೆ ತಂದುಕೊಳ್ಳಿ. ‘ಅದರ’ ಅಂತ ಬಂದರೆ ಅಪಾಸ್ಟ್ರಫಿ ಬೇಡ. ‘ಅದು’ ಅಂತ ಬಂದರೆ ಬೇಕು. ‘ಮೋಟರ್ ಅದರ ಪೂರ್ತಿ ವೇಗಕ್ಕೆ ಬರುತ್ತೆ’: ಬೇಡ. ‘ಅದು ಬಿಸಿಯಾಗಿದೆ’: ಬೇಕು. ಇದೇ ಟೆಸ್ಟ್ ಕಿವಿಗೆ ಹೆಚ್ಚುಕಡಿಮೆ ಒಂದೇ ಥರ ಕೇಳಿಸೋ ಬೇರೆ ಜೋಡಿಗಳಿಗೂ ನಡೆಯುತ್ತೆ. ‘ನಿಮ್ಮ’ ಅಂದ್ರೆ ಅಪಾಸ್ಟ್ರಫಿ ಇಲ್ಲದ ಯುವರ್, ‘ನೀವು’ ಅಂದ್ರೆ ಇರುವ ‘ಯು ಆರ್’. ‘ಯಾರ’ ಅಂದ್ರೆ ಡಬ್ಲ್ಯೂ, ಎಚ್, ಓ, ಎಸ್, ಇ. ‘ಯಾರು’ ಅಂದ್ರೆ ‘ಹೂ ಈಸ್’, ಅಪಾಸ್ಟ್ರಫಿ ಸಮೇತ.

ತಮಾಷೆ ಏನಂದ್ರೆ, ಇಟ್ಸ್ ಇಂಗ್ಲಿಷಿಗೆ ತಡವಾಗಿ ಬಂದ ಪದ. ಹಳೇ ಇಂಗ್ಲಿಷಿನಲ್ಲಿ ‘ಅದರ’ ಅನ್ನೋದಕ್ಕೂ ಹಿಸ್ ಅಂತಲೇ ಇತ್ತು. ಇಟ್ಸ್ ಅಚ್ಚಿನಲ್ಲಿ ಕಾಣಿಸಿಕೊಳ್ಳೋದು 16ನೇ ಶತಮಾನದ ಕೊನೆಗೆ. 1611ರಲ್ಲಿ ಬಂದ ಕಿಂಗ್ ಜೇಮ್ಸ್ ಬೈಬಲಿನ ಮೊದಲ ಮುದ್ರಣದಲ್ಲಿ ಈ ಪದ ಇರಲಿಲ್ಲ. ಆಮೇಲೂ ಸುಮಾರು ಎರಡು ಶತಮಾನ ಇಂಗ್ಲಿಷಿನವರೇ ‘ಅದರ’ ಅನ್ನೋ ಅರ್ಥದಲ್ಲೇ ಇದಕ್ಕೆ ಅಪಾಸ್ಟ್ರಫಿ ಹಾಕಿ ಬರೆದದ್ದುಂಟು. ಅವರಿಗೇ ಇಷ್ಟು ಗೊಂದಲ ಇದ್ದ ಮೇಲೆ ನಾವು ಒಂದು ತಪ್ಪು ಮಾಡಿದ್ರೆ ನಾಚಿಕೆ ಪಡಬೇಕಾಗಿಲ್ಲ. ತಿದ್ದಿಕೊಂಡರೆ ಸಾಕು.

ಕನ್ನಡದಲ್ಲಿ ಇದೆ, ಇಂಗ್ಲಿಷಿನಲ್ಲಿ ಇಲ್ಲ

ಈಗ ಒಂದು ವಾಕ್ಯ. ‘ಅಣ್ಣ ತಮ್ಮನಿಗೆ ತನ್ನ ಫೋನ್ ಕೊಟ್ಟ.’ ಫೋನ್ ಯಾರದು? ಅಣ್ಣನದು. ‘ಅಣ್ಣ ತಮ್ಮನಿಗೆ ಅವನ ಫೋನ್ ಕೊಟ್ಟ.’ ಈಗ? ತಮ್ಮನದು, ಇಲ್ಲಾ ಬೇರೆ ಇನ್ಯಾರದ್ದೋ ಅಂತ ನಮ್ಮ ತಲೆ ಹೋಗುತ್ತೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ: ಹಿಸ್ ಫೋನ್. ಯಾರ ಫೋನ್ ಅಂತ ಹಿಂದಿನ ಮುಂದಿನ ಮಾತು ನೋಡಿ ಊಹಿಸಬೇಕು.

ನಮ್ಮ ‘ತಾನು’, ‘ತನ್ನ’, ‘ತಮ್ಮ’ ಎಲ್ಲ ಆತ್ಮಾರ್ಥಕ ಸರ್ವನಾಮಗಳು ಅಂತ ಹೈಸ್ಕೂಲ್ ವ್ಯಾಕರಣದಲ್ಲಿ ಓದಿದ್ದೆ. ಒಂದು ಅಂಕದ ಪ್ರಶ್ನೆ ಅಂತ ಓದಿ ಮರೆತಿದ್ದೆ. ಅದು ಎಂಥ ಅನುಕೂಲ ಅಂತ ಗೊತ್ತಾಗಿದ್ದು ಇಂಗ್ಲಿಷಿನಲ್ಲಿ ಅದು ಇಲ್ಲ ಅಂತ ನೋಡಿದಾಗಲೇ. ಇಂಗ್ಲಿಷಿನಲ್ಲಿ ರಿಪೋರ್ಟ್ ಅಥವಾ ಮೇಲ್ ಬರೆಯುವಾಗ ‘ತನ್ನ’ ಅನ್ನೋ ಜಾಗ ಬಂದರೆ ಎಚ್ಚರ ಇರಲಿ. ‘ಹಿಸ್ ಓನ್’ ಅನ್ನಿ, ಇಲ್ಲಾಂದ್ರೆ ಸರ್ವನಾಮ ಬಿಟ್ಟು ಹೆಸರನ್ನೇ ಇನ್ನೊಂದು ಸಲ ಬರೆಯಿರಿ.

ಇದರ ಉಲ್ಟಾ ಕೇಸ್ ಕೂಡ ಇದೆ. ‘ಕೈ ತೊಳ್ಕೊಂಡೆ’ ಅಂತೀವಿ. ಯಾರ ಕೈ ಅಂತ ಯಾರೂ ಕೇಳಲ್ಲ. ಆ ‘ಕೊಂಡೆ’ಯಲ್ಲೇ ನನ್ನ ಕೈ ಅನ್ನೋದು ಬಂದುಬಿಟ್ಟಿದೆ. ‘ನಾನು ನನ್ನ ಕೈ ತೊಳ್ಕೊಂಡೆ’ ಅಂದ್ರೆ, ‘ಮತ್ತೆ ಪಕ್ಕದ ಮನೆಯವರ ಕೈ ತೊಳೀತಿದ್ಯಾ’ ಅಂತ ಅಜ್ಜಿ ಕೇಳ್ತಾರೆ. ಆದರೆ ಇಂಗ್ಲಿಷಿಗೆ ಆ ‘ಕೊಳ್ಳು’ ಇಲ್ಲ. ಅದಕ್ಕೇ ಅಲ್ಲಿ ಮೈ ಬೇಕೇ ಬೇಕು: ‘ಐ ವಾಷ್ಡ್ ಮೈ ಹ್ಯಾಂಡ್ಸ್.’ ‘ಕಾಲು ನೋಯ್ತಿದೆ’ ಅನ್ನೋಕೆ ‘ಮೈ ಲೆಗ್ ಹರ್ಟ್ಸ್.’ ಮೈಕೈ, ಬಟ್ಟೆ, ಬ್ಯಾಗ್ ಇವೆಲ್ಲ ಬಂದಾಗ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಯಾರದು ಅಂತ ಹೇಳಲೇಬೇಕು.

ಅಪ್ಪನ ಪ್ರಶ್ನೆ

ಈಗ ನನ್ನ ರೂಮ್‌ಮೇಟ್ ಕೇಳಿದ್ದಕ್ಕೆ ಬರ್ತೀನಿ. ಅವನ ವಾಕ್ಯದಲ್ಲಿ ಎರಡು ಪದ ಜನರನ್ನ ನಗಿಸಿದವು: ಔರ್ ಮತ್ತು ದೇರ್. ಎರಡೂ ಎಲ್ಲಿಂದ ಬಂದವು?

ಕನ್ನಡದಲ್ಲಿ ‘ನಮ್ಮಪ್ಪ’, ‘ನಮ್ಮಮ್ಮ’, ‘ನಮ್ಮನೆ’, ‘ನಮ್ಮೂರು’ ಅಂತೀವಿ. ಒಬ್ಬನೇ ಮಗ ಆಗಿದ್ರೂ ‘ನಮ್ಮಪ್ಪ’ನೇ. ಮನೆಯವರನ್ನೂ ಊರನ್ನೂ ‘ನನ್ನ’ ಅಂತ ಒಬ್ಬರೇ ಹಿಡ್ಕೊಂಡು ಮಾತಾಡೋದು ನಮ್ಮಲ್ಲಿ ಅಷ್ಟು ಸಹಜ ಅಲ್ಲ. ಇಂಗ್ಲಿಷಿನಲ್ಲಿ ಮಾತಾಡ್ತಿರೋದು ಒಬ್ಬರಾದರೆ ‘ಮೈ ಫಾದರ್’. ಅಣ್ಣತಮ್ಮಂದಿರು ಇಬ್ಬರೂ ಪಕ್ಕದಲ್ಲಿ ನಿಂತು ಮಾತಾಡಿದಾಗ ‘ಔರ್ ಫಾದರ್’ ಸರಿ.

ಇನ್ನು ದೇರ್. ಅಪ್ಪನ ಬಗ್ಗೆ ‘ಅವರು’, ‘ಅವರ ತೋಟ’ ಅಂತ ಹೇಳಿ ಬೆಳೆದವನು ಅವನು. ಅವನ ತಲೆಯಲ್ಲಿ ‘ಅವರ’ ಅಂದ್ರೆ ದೇರ್. ಲೆಕ್ಕ ಸರಿಯಾಗೇ ಇದೆ! ಅವನು ಬಹುವಚನ ಹಾಕಿದ್ದು ಲೆಕ್ಕ ತಪ್ಪಿ ಅಲ್ಲ, ಮರ್ಯಾದೆ ಕೊಟ್ಟು. ಇಂಗ್ಲಿಷಿನಲ್ಲಿ ದೇರ್‌ಗೆ ಆ ಮರ್ಯಾದೆಯ ಅರ್ಥ ಇಲ್ಲ, ಅಷ್ಟೇ. ನಾವು ಕ್ಲಾಸಲ್ಲಿ ನಕ್ಕಿದ್ದು ಒಬ್ಬ ಮಗ ಅಪ್ಪನಿಗೆ ಕೊಟ್ಟ ಗೌರವಕ್ಕೆ ಅಂತ ಆಮೇಲೆ ಅರ್ಥವಾಯ್ತು. ನನಗೆ ಬಹಳ ಬೇಜಾರಾಯ್ತು.

ದೇರ್ ಒಬ್ಬರಿಗೆ ಬರೋದೇ ಇಲ್ಲ ಅಂತಲೂ ಅಲ್ಲ. ಗಂಡೋ ಹೆಣ್ಣೋ ಗೊತ್ತಿಲ್ಲದಾಗ ಬರುತ್ತೆ. ‘ಸಂಬಡಿ ಲೆಫ್ಟ್ ದೇರ್ ಅಂಬ್ರೆಲಾ.’ ನಾವೂ ‘ಯಾರೋ ಕೊಡೆ ಬಿಟ್ಟು ಹೋಗಿದ್ದಾರೆ’ ಅಂತೀವಲ್ಲ, ಹೋದವರು ಒಬ್ಬರೇ ಆದ್ರೂ. ಆದರೆ ಅಪ್ಪ ಯಾರು ಅಂತ ಗೊತ್ತಿರೋದರಿಂದ ಅಲ್ಲಿ ಹಿಸ್ ಬೇಕು.

ಹಾಗಾದ್ರೆ ಇಂಗ್ಲಿಷಿನವರಿಗೆ ಮರ್ಯಾದೆ ಇಲ್ವಾ? ಹುಡುಕಿದಾಗ ಸಿಕ್ಕಿದ್ದು ನನಗೂ ಹೊಸದು. ಒಂದು ಕಾಲದಲ್ಲಿ ಅವರಲ್ಲೂ ‘ನಿನ್ನ’ ಮತ್ತು ‘ನಿಮ್ಮ’ ಬೇರೆಬೇರೆ ಇದ್ದವು. ‘ನಿನ್ನ, ನಿನ್ನದು’ ಅನ್ನೋದಕ್ಕೆ ದೈ, ದೈನ್. ‘ನಿಮ್ಮ, ನಿಮ್ಮದು’ ಅನ್ನೋದಕ್ಕೆ ಯುವರ್, ಯುವರ್ಸ್. ಮೊದಲು ಯುವರ್ ಬಹುವಚನ. ಆಮೇಲೆ ದೊಡ್ಡವರಿಗೆ, ಒಬ್ಬರೇ ಆದರೂ, ಅದನ್ನು ಬಳಸೋಕೆ ಶುರು ಮಾಡಿದರು, ನಮ್ಮ ‘ನೀವು’ ಥರವೇ. ಬರುಬರುತ್ತಾ ಎಲ್ಲರಿಗೂ ಅದೇ ಆಯ್ತು. ಶೇಕ್ಸ್‌ಪಿಯರ್ ನಾಟಕಗಳಲ್ಲಿ ಎರಡೂ ಸಿಗುತ್ತವೆ. ಇವತ್ತಿನ ಇಂಗ್ಲಿಷಿನಲ್ಲಿ ಪ್ರಾರ್ಥನೆ, ಹಳೇ ಪದ್ಯ ಮತ್ತು ಕೆಲವು ಕಡೆಯ ಆಡುಮಾತು ಬಿಟ್ಟರೆ ದೈ, ದೈನ್ ಕಾಣೋದಿಲ್ಲ. ಅಂದ್ರೆ ಇಂಗ್ಲಿಷಿನವರು ಏಕವಚನ ಬಿಟ್ಟು ಎಲ್ಲರಿಗೂ ಬಹುವಚನ ಕೊಟ್ಟುಬಿಟ್ಟಿದ್ದಾರೆ. ನಾಯಿಮರಿಗೂ ‘ಯುವರ್’!

ಆದರೆ ಎದುರಿಗಿಲ್ಲದ ಒಬ್ಬರ ಬಗ್ಗೆ ಮಾತಾಡುವಾಗ ಹೀಗೆ ಆಗಲಿಲ್ಲ. ಅಲ್ಲಿ ಎಲ್ಲ ಗಂಡಸರಿಗೂ ಹಿಸ್ ಉಳಿಯಿತು. ಅದು ‘ಅವನ’ ಅಲ್ಲ, ‘ಅವರ’ವೂ ಅಲ್ಲ, ಎರಡಕ್ಕೂ ಸೇರಿ ಇರೋ ಒಂದೇ ಪದ. ಅದರಲ್ಲಿ ಮರ್ಯಾದೆಯೂ ಇಲ್ಲ, ಅವಮರ್ಯಾದೆಯೂ ಇಲ್ಲ.

ಇಷ್ಟೆಲ್ಲ ಹೇಳಿದರೂ ನನ್ನ ರೂಮ್‌ಮೇಟ್‌ಗೆ ಸಮಾಧಾನ ಆಗಲಿಲ್ಲ. ‘ಬಾಯಲ್ಲಿ ಬರಲ್ಲ ಕಣೋ’ ಅಂದ. ಆಗ ನನಗೆ ಒಂದು ವಿಷಯ ನೆನಪಾಯ್ತು. ಮೈಸೂರಿನ ಮಹಾರಾಜರ ಬಿರುದು ಇಂಗ್ಲಿಷಿನಲ್ಲಿ ಹೇಗೆ ಶುರುವಾಗ್ತಿತ್ತು? ‘ಹಿಸ್ ಹೈನೆಸ್ ದಿ ಮಹಾರಾಜ ಆಫ್ ಮೈಸೂರ್.’ ಮೊದಲ ಪದವೇ ಹಿಸ್!

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಹಾರಾಜ್ರಿಗೇ ಹಿಸ್ ಅಂದ್ಮೇಲೆ ಅಪ್ಪಂಗೆ ಅನ್ನಬಹುದು ಬಿಡು’ ಅಂದ.

ಈ ಸೆಮಿಸ್ಟರಿನಲ್ಲಿ ಮತ್ತೆ ಮಾಕ್ ಇಂಟರ್ವ್ಯೂ ಆಯ್ತು. ‘ಮೈ ಫಾದರ್ ಈಸ್ ಅ ಫಾರ್ಮರ್. ಹಿಸ್ ಕೋಕನಟ್ ಗಾರ್ಡನ್ ಈಸ್ ಟೂ ಏಕರ್ಸ್’ ಅಂತ ಶುರು ಮಾಡಿ, ತೋಟದ ಮೋಟರಿಗೆ ತಾನೇ ಕೂರಿಸಿದ ಸ್ಟಾರ್ಟರ್ ಬಗ್ಗೆ ಐದು ನಿಮಿಷ ಮಾತಾಡಿದ. ಈ ಸಲ ಯಾರೂ ನಗಲಿಲ್ಲ. ರಾತ್ರಿ ಊರಿಗೆ ಫೋನ್ ಮಾಡಿ ‘ಅಪ್ಪಾ, ಊಟ ಮಾಡಿದ್ರಾ’ ಅಂತ ಕೇಳ್ತಿದ್ದ. ಅಲ್ಲಿ ಏನೂ ಬದಲಾಗಿಲ್ಲ, ಬದಲಾಗಬೇಕಾಗಿಯೂ ಇಲ್ಲ.

ಕೊನೆಯದಾಗಿ

ಪರೀಕ್ಷೆಗೆ ಓದೋರಿಗೆ ಸಂಕ್ಷಿಪ್ತವಾಗಿ: ‘ದು’ ಬಂದರೆ ಮೈನ್, ಇಲ್ಲದಿದ್ದರೆ ಮೈ. ‘ಅದರ’ ಅಂದರೆ ಅಪಾಸ್ಟ್ರಫಿ ಬೇಡ, ‘ಅದು’ ಅಂದರೆ ಬೇಕು. ‘ತನ್ನ’ ಬಂದ ಕಡೆ ಎಚ್ಚರ. ‘ಕೊಂಡೆ’ ಬಂದ ಕಡೆ ಮೈ ಸೇರಿಸಿ. ‘ನಮ್ಮಪ್ಪ’ ಅಂದರೆ ಮೈ ಫಾದರ್, ‘ಅವರ’ ಅಂದರೆ ಒಬ್ಬರೋ ಹಲವರೋ ನೋಡಿ ಹಿಸ್, ಹರ್ ಅಥವಾ ದೇರ್.

ಇಂಗ್ಲಿಷ್ ಗೊತ್ತಿದೆ ಅಂದುಕೊಂಡಿದ್ದ ನನಗೆ ಅದರ ‘ಯಾಕೆ’ ಗೊತ್ತಿರಲಿಲ್ಲ. ಕನ್ನಡ ಗೊತ್ತಿದೆ ಅಂದುಕೊಂಡಿದ್ದೆ, ‘ನನ್ನದು’ ಅನ್ನೋದರ ಒಳಗೆ ‘ಅದು’ ಇದೆ ಅನ್ನೋದೂ ಗೊತ್ತಿರಲಿಲ್ಲ. ಎರಡೂ ಒಂದೇ ವಾರದಲ್ಲಿ ಕಲಿತೆ, ಕಲಿಸಿದವನು ಕನ್ನಡ ಮೀಡಿಯಂ ಹುಡುಗ. ನಿಮ್ಮ ಕ್ಲಾಸಲ್ಲಿ ಯಾರಾದ್ರೂ ಹೀಗೆ ಇಂಗ್ಲಿಷ್ ತಪ್ಪು ಮಾತಾಡಿದರೆ ನಗೋದಕ್ಕಿಂತ ಮುಂಚೆ ಆ ತಪ್ಪಿನ ಹಿಂದೆ ಯಾವ ಕನ್ನಡ ಇದೆ ಅಂತ ಒಂದು ಸಲ ನೋಡಿ.

ನಮ್ಮ ನೋಟ್ಸ್ ಕನ್ನಡ ಸಂಘದ ರೂಮಿನಲ್ಲಿ ಇಟ್ಟಿದ್ದೀವಿ. ಬೇಕಾದವರು ಜೆರಾಕ್ಸ್ ಮಾಡಿಸ್ಕೊಳ್ಳಿ, ತಪ್ಪು ಕಂಡ್ರೆ ತಿದ್ದಿ. ಮೇಲಿನ ಪುಟದಲ್ಲಿ ಹೆಸರು ಬರೆಯೋ ಜಾಗದಲ್ಲಿ ನಾನು ನನ್ನ ಹೆಸರು ಬರೆಯೋಕೆ ಹೋಗಿದ್ದೆ. ಅವನು ಪೆನ್ನು ಕಿತ್ಕೊಂಡು ‘ನಮ್ಮದು’ ಅಂತ ಬರೆದ. ಇಂಗ್ಲಿಷಿನಲ್ಲಿ ಔರ್ಸ್. ಅಪಾಸ್ಟ್ರಫಿ ಇಲ್ಲ.